ಉಡಿ ತುಂಬಿದ ದೋಣಿ

ನಾನು ಹುಟ್ಟಿದ್ದು ಮಡಕಶಿರದ ಹತ್ತಿರದ ರೊಳ್ಳದ ಕಡೆ. ನಮ್ಮ ತಾತನ ಕಾಲಕ್ಕೇ ಮೀನಿನ ಬಲೆ ಕೈಬಿಟ್ಟು ರೇಷ್ಮೆ ಹುಳ ಸಾಕುವುದಕ್ಕೆ ಬಿದ್ದ ಮನೆ ನಮ್ಮದು. ನೀರು ಎಂದರೆ ನಮಗೆ ಹಿಪ್ಪುನೇರಳೆ ತೋಟಕ್ಕೆ ಬಿಡುವ ಬೋರಿನ ನೀರು, ಇಲ್ಲವೇ ಬಿಂದಿಗೆಯ ನೀರು. ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವಳೇ ಅಲ್ಲ ನಾನು. ಅಂಥವಳನ್ನು ತಂದು ರಾಯದುರ್ಗದ ಆಚೆ, ಹಗರಿ ಹೊಳೆಗೆ ಕಟ್ಟಿದ ಡ್ಯಾಮಿನ ದಂಡೆಯ ಮೇಲಿನ ಮೀನು ಹಿಡಿಯುವವರ ಮನೆಗೆ ಕೊಟ್ಟರು. ನಾನು ಹೆದರಿ ಹೆದರಿ ಬಂದರೆ, ಇಲ್ಲಿ ಡ್ಯಾಮಿನಲ್ಲಿ ನೀರೇ ಇಲ್ಲ! ಒಣಗಿ ಬಿರುಕು ಬಿಟ್ಟ ನೆಲದಲ್ಲಿ ಕುರಿ ಮೇಯುತ್ತಿದ್ದವು. ಬದುಕಿದೆ ಅಂದುಕೊಂಡೆ. ಆ ನೀರಿಗಾಗಿಯೇ ಒಂದು ದಿನ ಕಣ್ಣು ಬಿಟ್ಟುಕೊಂಡು ಕೂರಬೇಕಾಗುತ್ತದೆ ಎಂದು ಆಗ ನನಗೇನು ಗೊತ್ತು.

ನೀರಿಲ್ಲದ ಊರಿನಲ್ಲಿ ಮೀನುಗಾರ ಏನು ಮಾಡಿಯಾನು? ಮಗಳು ಹುಟ್ಟುವುದಕ್ಕೆ ಮೊದಲೇ ನನ್ನ ಗಂಡ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದರು. ಇಸ್ತ್ರಿ ಸೆಕ್ಷನ್. ದಿನವಿಡೀ ಹಬೆಯಲ್ಲಿ ನಿಂತು ಅಂಗಿ ತಿಕ್ಕುವ ಕೆಲಸ. ದಸರೆಗೊಂದು ಸಲ, ಯುಗಾದಿಗೊಂದು ಸಲ ಊರಿಗೆ ಬರುತ್ತಿದ್ದರು. ನನಗೆ ರಾಯದುರ್ಗದಿಂದ ಆಟೋದಲ್ಲಿ ಜೀನ್ಸ್ ಪ್ಯಾಂಟಿನ ಬಂಡಲ್ ಬರುತ್ತಿತ್ತು. ಬಾಗಿಲ ಬೆಳಕಿನಲ್ಲಿ ಮಿಷನ್ ಇಟ್ಟುಕೊಂಡು ಜೇಬು ಕೂರಿಸುತ್ತಿದ್ದೆ. ಮಗಳು ಆ ನೀಲಿ ಚಿಂದಿಗಳ ಮೇಲೇ ತೆವಳಿ, ನಡೆದು, ಬೆಳೆದಳು. ಅಪ್ಪ ಎಂದರೆ ಹಬ್ಬಕ್ಕೆ ಬರುವ ಒಬ್ಬರು ಎಂದೇ ತಿಳಿದಿದ್ದಳು. ಅವರು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಓಡಿ ಹೋಗಿ, ಬಹಳ ಮರ್ಯಾದೆಯಿಂದ, "ಯಾವಾಗ ಹೋಗ್ತೀರಿ?" ಎಂದು ಕೇಳುತ್ತಿದ್ದಳು. ಬಂದವರನ್ನು ಮಾತಾಡಿಸುವ ರೀತಿಯೇ ಅದು ಎಂದುಕೊಂಡಿದ್ದಳೋ ಏನೋ. ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

"ಡ್ಯಾಮಿಗೆ ನೀರು ಬರ್ಲಿ, ಅವತ್ತೇ ಗಂಟು ಕಟ್ಟಿ ಬರ್ತೀನಿ. ಆಮ್ಯಾಲೆ ನೀ ಓಡ್ಸಿದ್ರೂ ಹೋಗಂಗಿಲ್ಲ" ಎನ್ನುತ್ತಿದ್ದರು. ಆದರೆ ಬಂದು ಯಾವುದರಲ್ಲಿ ಮೀನು ಹಿಡಿಯುವುದು? ನನ್ನ ಮಾವ ತೀರಿಕೊಂಡದ್ದು ಅದೇ ಡ್ಯಾಮಿನಲ್ಲಿ, ಹರಿಗೋಲು ಮಗುಚಿಕೊಂಡು. ಅದು ದಂಡೆಗೆ ತೇಲಿ ಬಂದಾಗ ಅತ್ತೆ ಅದನ್ನು ಕಡಿಸಿ ಒಲೆಗೆ ಹಾಕಿದರಂತೆ. ತಮ್ಮ ಮಗ ಇನ್ನು ಹರಿಗೋಲಿಗೆ ಕಾಲಿಡಕೂಡದು ಎಂದು ದೇವರ ಮುಂದೆ ನಿಂತು ಹೇಳಿದ್ದರಂತೆ. ಹಾಗಾಗಿ ಮೀನುಗಾರರ ಸಂಘಕ್ಕೆ ಎರಡು ಅಲ್ಯೂಮಿನಿಯಂ ದೋಣಿ ಮಂಜೂರಾಗಿವೆ, ಯಾರಿಗೆ ಎಂದು ಚೀಟಿ ಎತ್ತುತ್ತಾರೆ ಎಂಬ ಸುದ್ದಿ ಬಂದಾಗ, ದೋಣಿ ಹರಿಗೋಲಲ್ಲವಲ್ಲ, ಅತ್ತೆಯೂ ಬೇಡ ಎನ್ನಲಾರರು ಎಂದು ಹಿಗ್ಗಿದೆ. ಮೊದಲ ಚೀಟಿಯೇ ನಮ್ಮದಾಯಿತು. ಎರಡನೆಯದು ಎದುರು ಮನೆಯ ಸಣ್ಣ ಮಾವನಿಗೆ, ಅಂದರೆ ನಮ್ಮ ಮಾವನ ದಾಯಾದಿ ತಮ್ಮನಿಗೆ. ಮೊದಲ ಚೀಟಿಯವರೇ ಮೊದಲು ಆರಿಸಿಕೊಳ್ಳಬೇಕು ಎಂದರು. ನನಗೆ ಆ ದಿನ ಅನ್ನ ಸೇರಲಿಲ್ಲ, ಸಂತೋಷಕ್ಕೆ.

ಒಂದು ಆಷಾಢದ ದಿನ ದೋಣಿಗಳು ಲಾರಿಯಲ್ಲಿ ಬಂದವು. ಗಾಳಿ ಎಂದರೆ ಅಂಥಾ ಗಾಳಿ. ನಮ್ಮ ಕಡೆ ಆಷಾಢದ ಗಾಳಿ ಹೇಗಿರುತ್ತದೆ ಎಂದು ನೋಡಬೇಕಾದರೆ ಬೆಳುಗುಪ್ಪದ ಕಡೆ ಗುಡ್ಡದ ಸಾಲಿನ ಮೇಲೆ ನಿಲ್ಲಿಸಿರುವ ಕರೆಂಟು ತೆಗೆಯುವ ಫ್ಯಾನುಗಳನ್ನು ನೋಡಬೇಕು. ಗಾಳಿ ಹುಡುಕಿಕೊಂಡು ಎಲ್ಲಿಂದಲೋ ಬಂದು ನೆಟ್ಟು ಹೋಗಿದ್ದಾರೆ. ಅವತ್ತು ನಾನು ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು, ಕಣ್ಣಿಗೆ ಬೀಳುವ ಮಣ್ಣು ಒರೆಸಿಕೊಳ್ಳುತ್ತಾ ನಿಂತಿದ್ದೆ. ಅತ್ತೆಯ ಸೀರೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಊರವರೆಲ್ಲ ಸೇರಿದ್ದರು. ಎಲ್ಲರ ತಲೆಯೂ ಕೆದರಿತ್ತು. ಆದರೂ ಒಬ್ಬರಿಗಾದರೂ ಆ ಗಾಳಿಯ ಮಾತು ಬಾಯಿಗೆ ಬರಲಿಲ್ಲ. ಹುಟ್ಟಿದಾಗಿನಿಂದ ಕಿವಿಯಲ್ಲಿ ಬೀಸುತ್ತಿರುವುದನ್ನು ಯಾರು ನೆನೆಸಿಕೊಳ್ಳುತ್ತಾರೆ?

ದೋಣಿಗಳೆರಡನ್ನೂ ಡ್ಯಾಮಿನ ಒಣ ನೆಲಕ್ಕೆ ಇಳಿಸಿದರು. ಎರಡೂ ಹೊಸ ಪಾತ್ರೆಯಂತೆ ಥಳಥಳ. ಉದ್ದವೂ ಹೆಚ್ಚುಕಡಿಮೆ ಒಂದೇ. ಒಂದರ ತಳ ಚಪ್ಪಟೆ. ಇನ್ನೊಂದರ ಹೊಟ್ಟೆ ಎರಡೂ ಕಡೆಯಿಂದ ಇಳಿಜಾರಾಗಿ ಬಂದು, ಮುಂದಿನಿಂದ ಹಿಂದಿನವರೆಗೆ ಒಂದು ಚೂಪಾದ ಏಣಿನಲ್ಲಿ ಕೂಡಿಕೊಳ್ಳುತ್ತಿತ್ತು. ಜೊತೆಯಲ್ಲಿ ಬಂದ ಮೀನುಗಾರಿಕೆ ಇಲಾಖೆಯ ಸಾರ್ ತೆಲುಗಿನವರು. ಅವರಿಗೆ ಇನ್ನೊಂದು ಊರಿಗೆ ಹೋಗುವ ಆತುರ. "ತೊಂದರಗಾ ಚೆಪ್ಪಂಡಮ್ಮಾ, ಏದಿ ಕಾವಾಲಿ?" ಯಾವುದು ಬೇಕು, ಬೇಗ ಹೇಳಿ. ಯಾವುದು ಒಳ್ಳೆಯದು ಸಾರ್ ಎಂದು ನಾನೂ ತೆಲುಗಿನಲ್ಲೇ ಕೇಳಿದೆ. "ರೆಂಡೂ ಮಂಚಿವೇನಮ್ಮಾ" ಎಂದರು. ಎರಡೂ ಒಳ್ಳೆಯವೇ. ಸರಿ ಹೋಯಿತು! ನಾನು ಗಂಡನನ್ನು ಕೇಳಿ ಹೇಳುತ್ತೇನೆ ಎಂದೆ. ಅವರು ಗಡಿಯಾರ ನೋಡಿಕೊಂಡು ಲಾರಿಯ ನೆರಳಿಗೆ ಹೋಗಿ ಕೂತರು.

ಗಂಡನನ್ನು ಕೇಳುವುದು ಅಷ್ಟು ಸುಲಭವೇ? ಆ ಫ್ಯಾಕ್ಟರಿಯಲ್ಲಿ ಫೋನುಗಳನ್ನು ಗೇಟಿನಲ್ಲೇ ಕಿತ್ತಿಟ್ಟುಕೊಳ್ಳುತ್ತಿದ್ದರು. ಊಟದ ಬೆಲ್ಲಿಗೆ ಮಾತ್ರ ಕೊಡುತ್ತಿದ್ದರು. ಊಟದ ಬೆಲ್ಲಿನವರೆಗೆ ಇಡೀ ಊರು ಎರಡು ದೋಣಿಗಳ ಸುತ್ತ ತಿರುಗುತ್ತಾ ಕಾಯಿತು. ಕೊನೆಗೆ ಅವರ ದನಿ ಸಿಕ್ಕಿತು, ಹಿಂದೆ ತಟ್ಟೆ ಲೋಟಗಳ ಸದ್ದು.

"ಹೊಟ್ಟಿ ಹೆಂಗೈತಿ, ಅದನ್ನ ಹೇಳು" ಎಂದರು.

"ಒಂದರದ್ದು ಚಪ್ಪಟೆ, ರೊಟ್ಟಿ ಹಂಚಿನಂಗೆ. ಇನ್ನೊಂದು ತೆಂಗಿನ ಮಟ್ಟೆ ಬೆನ್ನಿದ್ದಂಗೈತೆ, ಕೆಳಗೆ ಚೂಪು."

"ಎರಡನ್ನೂ ನೀರಿಗೆ ಬಿಟ್ಟು ನೋಡ್ರಿ. ನೀರಾಗ ಬಿಟ್ರ ಅದಾ ಹೇಳ್ತೈತಿ."

"ಯಾವ ನೀರಿಗೆ ಬಿಡ್ಲಿ? ಬಿಂದಿಗೇಲಿ ಒಂದಿಷ್ಟೈತೆ, ಬಿಡ್ಲಾ?"

ನಕ್ಕರು. ಎಷ್ಟು ದಿನವಾಗಿತ್ತೋ ಅವರ ಆ ನಗು ಕೇಳಿ. "ನಾ ಇಲ್ಲಿ ಕುಂತು ಏನಂತ ಹೇಳ್ಲಿ? ಕಣ್ಲೆ ನೋಡಿಲ್ಲ, ಕೈಲೆ ಮುಟ್ಟಿಲ್ಲ. ಅಂಥಾ ದೋಣಿ ನಾನೂ ಎಂದೂ ನಡೆಸಿಲ್ಲ. ಅವ್ವ ಏನಂತಾಳ ಕೇಳು" ಎನ್ನುವಷ್ಟರಲ್ಲಿ ಬೆಲ್ಲು ಹೊಡೆದೇಬಿಟ್ಟಿತು. ನೀರು ಬಲ್ಲವರು ಅಲ್ಲಿ, ಗೇಟಿನ ಒಳಗೆ. ಬಿಂದಿಗೆ ಬಲ್ಲವಳು ಇಲ್ಲಿ, ದೋಣಿಯ ಮುಂದೆ. ಸಿಟ್ಟು ಬಂತು. ಯಾರ ಮೇಲೆ ಬಿಡುವುದು ಎಂದು ಗೊತ್ತಾಗದೆ ಫೋನಿನ ಮೇಲೇ ಬಿಟ್ಟೆ.

ಕೊನೆಗೆ ಊರವರು ಕಂಡುಕೊಂಡ ದಾರಿ ಏನು ಗೊತ್ತೇ? ಹತ್ತಿ ಕೂತು ನೋಡುವುದು. ಒಣ ನೆಲದ ಮೇಲೆ! ಈಗ ಹೇಳಿದರೆ ನಗುತ್ತೀರಿ. ಅವತ್ತು ಒಬ್ಬರೂ ನಗಲಿಲ್ಲ. ಚಪ್ಪಟೆ ತಳದ್ದರಲ್ಲಿ ಒಬ್ಬರು ಕೂತರು, ಇಬ್ಬರು ಕೂತರು, ಎದ್ದು ನಿಂತು ಬಲೆ ಎಳೆದಂತೆ ಬಗ್ಗಿದರು. ಕದಲಲಿಲ್ಲ. ಜಗಲಿಯ ಮೇಲೆ ಕೂತ ಹಾಗಿತ್ತು. ಚೂಪು ಹೊಟ್ಟೆಯದೋ, ಆಗಲೇ ಒಂದು ಪಕ್ಕಕ್ಕೆ ವಾಲಿಕೊಂಡು ಬಿದ್ದಿತ್ತು. ಅತ್ತೆ ಸೀರೆ ಎತ್ತಿಕಟ್ಟಿ ಅದರೊಳಗೆ ಕಾಲಿಟ್ಟರು. ಕೂರಲು ಆ ಕಡೆಗೆ ಒಂದು ಹೆಜ್ಜೆ ಹಾಕಿದ್ದೇ ತಡ, ದೋಣಿ ಧಡಾರ್ ಎಂದು ಇನ್ನೊಂದು ಪಕ್ಕಕ್ಕೆ ಹೊರಳಿತು. ಅತ್ತೆ ಒಳಗೆ ಅಂಗಾತ. ಕಾಲು ಮೇಲೆ. ಅವರ ಓರಗೆಯ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಓಡಿ ಹೋಗಿ ಎತ್ತಿದೆ.

ಅತ್ತೆ ಎದ್ದು ಸೀರೆ ಕೊಡವಿಕೊಂಡರು. ಮುಖದಲ್ಲಿ ನಾಚಿಕೆ ಇರಲಿಲ್ಲ, ರಕ್ತವೇ ಇರಲಿಲ್ಲ. "ನೆಲದ ಮ್ಯಾಲೇ ಹಿಂಗ ಹೊಳ್ಳಿಸಿ ಒಗೀತೈತಿ. ನೀರಾಗ ನನ್ನ ಮಗನ್ನ ಬಿಡ್ತೈತೇನು? ಒಬ್ಬನ್ನ ಕೊಟ್ಟೀನಿ, ಸಾಕು" ಎಂದರು. ನಾನೂ ಚಪ್ಪಟೆಯದರಲ್ಲಿ ಕೂತು ನೋಡಿದೆ. ನೀರಿಗೆ ಹೆದರುವವಳಿಗೆ ಅದಕ್ಕಿಂತ ಹಿತವಾದ ದೋಣಿ ಇರಲಿಕ್ಕೆ ಸಾಧ್ಯವೇ ಇರಲಿಲ್ಲ. ಅದೇ ಆಗಲಿ ಎಂದೆವು. ಎದುರು ಮನೆಯ ಸಣ್ಣ ಮಾವ ಮುಖ ಸಣ್ಣದು ಮಾಡಿಕೊಂಡು, "ಹಂಗಾರ ನಮಗ ಹೊಳ್ಳಾಡಾದು ಬಂತು, ಆಗ್ಲಿ ಬಿಡ್ರಿ" ಎಂದು ಇನ್ನೊಂದನ್ನು ಎಳೆಸಿಕೊಂಡು ಹೋದರು. ನನ್ನದು ತಪ್ಪಾಯಿತು ಎಂದು ಇವತ್ತಿಗೂ ಯಾರಾದರೂ ಅಂದರೆ ನಾನು ಸುಮ್ಮನೆ ಕೇಳಿಸಿಕೊಳ್ಳುವವಳಲ್ಲ. ನೀವೇ ಬಂದು ಕೂತಿದ್ದರೂ ಅದನ್ನೇ ಆರಿಸುತ್ತಿದ್ದಿರಿ.

ಇಷ್ಟಕ್ಕೇ ನಿಂತಿದ್ದರೆ ಮುಂದೆ ಹೇಗೋ ಸರಿಪಡಿಸಿಕೊಳ್ಳಬಹುದಿತ್ತು. ಆದರೆ ದೋಣಿ ಅಂಗಳಕ್ಕೆ ಬಂದ ಮೇಲೆ ಅತ್ತೆಗೆ ಇನ್ನೊಂದು ಚಿಂತೆ ಹತ್ತಿತು. ಆಷಾಢ ಮಾಸ. ಆಷಾಢದಲ್ಲಿ ಹೊಸದನ್ನು ಮನೆ ತುಂಬಿಸಿಕೊಳ್ಳಬಾರದು, ಹೊಸ ಸೊಸೆಯೂ ಅತ್ತೆ ಮನೆಯಲ್ಲಿ ಇರಬಾರದು. ವಾಪಸು ಕಳಿಸೋಣವೆಂದರೆ ಲಾರಿ ಹೋಗಿಯಾಗಿತ್ತು. ಅತ್ತೆ ಬೇವಿನ ಮರದ ಕೆಳಗೆ ಗಲ್ಲಕ್ಕೆ ಕೈ ಕೊಟ್ಟು ಕೂತು ಯೋಚಿಸಿದರು. ಆಮೇಲೆ ಎದ್ದು ಬಂದವರ ಮುಖದಲ್ಲಿ ಬೆಳಕಿತ್ತು.

"ಆಷಾಢಕ್ಕ ಸೊಸಿ ಬರಬಾರ್ದು, ಖರೆ. ಆದ್ರ ಮಗಳು ತವರಿಗೆ ಬರ್ತಾಳ ಅಲ್ಲೇನು? ಇದನ್ನ ಮಗಳು ಅಂತ ಕರ್ಕಳಾನು."

ಕರೆದುಕೊಂಡೇಬಿಟ್ಟರು. ದೋಣಿಯ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಹಸಿರು ಬಳೆ ಕಟ್ಟಿ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಪ್ಪಸದ ಕಣ ಇಟ್ಟು ಉಡಿ ತುಂಬಿದರು. ನೆರೆಮನೆಯ ಮುತ್ತೈದೆಯರಿಂದ ಆರತಿ ಮಾಡಿಸಿದರು. ನನ್ನ ಮಗಳು ಚಪ್ಪಾಳೆ ತಟ್ಟಿದಳು, ಅವಳಿಗೊಬ್ಬಳು ಸೋದರತ್ತೆ ಬಂದಳಲ್ಲ! ನಾನೂ ನಕ್ಕೆ. ನಗದೆ ಏನು ಮಾಡಲಿ, ಅಷ್ಟು ಚೆನ್ನಾಗಿತ್ತು.

ಮರುವರ್ಷ ಮುಂಗಾರಿನಲ್ಲೇ ಮೇಲಿನ ಸೀಮೆಯಲ್ಲಿ ಮಳೆಯಾಗಿ ಹಗರಿ ಬಂತು. ಕೆಂಪು ನೀರು ಕುರಿ ಮೇಯುತ್ತಿದ್ದ ನೆಲವನ್ನೆಲ್ಲ ಮುಚ್ಚಿತು. ಊರಿಗೆ ಊರೇ ದಂಡೆಯ ಮೇಲೆ ನಿಂತು ನೋಡಿತು. ನಾನು ಊಟದ ಬೆಲ್ಲಿಗೆ ಕಾದು ಫೋನು ಮಾಡಿ, "ನೀರು ಬಂದೈತೆ, ಬನ್ನಿ" ಎಂದೆ, ಅಷ್ಟೇ. ಅವರು ಮಾತಿಗೆ ತಪ್ಪಲಿಲ್ಲ. ಹಾಸಿಗೆ, ಸ್ಟೌ, ಬಕೆಟ್ಟು, ಎಲ್ಲ ಕಟ್ಟಿಕೊಂಡು ಬಸ್ಸಿಳಿದರು. ಮಗಳು ಓಡಿ ಬಂದು, "ಯಾವಾಗ ಹೋಗ್ತೀರಿ?" ಎಂದಳು. "ಹೋಗಂಗಿಲ್ಲವ್ವ" ಎಂದರು. ಅವಳಿಗೆ ಅರ್ಥವಾಗಲಿಲ್ಲ. ಬಕೆಟ್ಟನ್ನು ನೋಡಿದಳು, ಅಪ್ಪನನ್ನು ನೋಡಿದಳು, ನನ್ನ ಹಿಂದೆ ಬಂದು ನಿಂತಳು.

ಅವರು ಕೈಕಾಲು ಕೂಡ ತೊಳೆಯದೆ ಬೇವಿನ ಮರದ ಕೆಳಗೆ ಹೋಗಿ ದೋಣಿಯ ಸುತ್ತ ಒಂದು ಸುತ್ತು ಬಂದರು. ಬಗ್ಗಿ ತಳಕ್ಕೆ ಅಂಗೈ ಇಟ್ಟು ಈ ತುದಿಯಿಂದ ಆ ತುದಿಯವರೆಗೆ ಸವರಿದರು. ಎದುರು ಮನೆಯ ಅಂಗಳದಲ್ಲಿದ್ದ ಇನ್ನೊಂದನ್ನು ನಿಂತಲ್ಲಿಂದಲೇ ನೋಡಿದರು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. "ಚಲೋ ಐತಿ" ಎಂದರು. ಕಣ್ಣು ಮಾತ್ರ ಇನ್ನೂ ಎದುರು ಮನೆಯ ಅಂಗಳದಲ್ಲೇ ಇತ್ತು.

ಮೊದಮೊದಲು ನಿಜವಾಗಿಯೂ ಚೆನ್ನಾಗಿತ್ತು. ಬೆಳಗಿನ ಜಾವ ನೀರು ಕನ್ನಡಿಯಂತಿರುವಾಗ ಹೋಗಿ ಬಲೆ ಎತ್ತಿ, ಗಾಳಿ ಏಳುವುದರೊಳಗೆ ಬರುತ್ತಿದ್ದರು. ಹೊಳೆಯ ಜೊತೆ ಬಂದ ಮೀನು, ಬಲೆ ತುಂಬ. ಮನೆಯಲ್ಲಿ ಗಂಡಸಿನ ಅಂಗಿ ಹಗ್ಗದ ಮೇಲೆ ದಿನವೂ ಒಣಗುತ್ತಿತ್ತು. ಮಗಳು ಅವರ ತಟ್ಟೆಯಿಂದ ತುತ್ತು ತಿನ್ನುವಷ್ಟು ಹತ್ತಿರವಾದಳು. ನಾನು ಮಿಷನ್ ತುಳಿಯುತ್ತಾ ಹಾಡಿಕೊಳ್ಳುವುದನ್ನು ಅತ್ತೆ ಕೇಳಿ, "ಏನವ್ವಾ ರೊಳ್ಳದ ಕೋಗಿಲಿ, ಜೋರ್ ನಡದೈತಿ" ಎಂದು ಕಾಲೆಳೆಯುತ್ತಿದ್ದರು.

ಆಷಾಢ ಹುಟ್ಟಿತು. ಗಾಳಿ ಬೆಳಗಿನ ಜಾವಕ್ಕೇ ಏಳತೊಡಗಿತು. ಈಗ ಆ ಗಾಳಿಯ ಕೆಳಗೆ ನೀರಿತ್ತು. ಚಪ್ಪಟೆ ತಳದ ದೋಣಿಗೆ ನೀರಿನಲ್ಲಿ ಹಿಡಿತವೇ ಇಲ್ಲ. ಹುಟ್ಟು ಎಷ್ಟು ಹಾಕಿದರೂ ಮೂತಿ ಒಂದು ಕಡೆ, ಹೋಗುವುದು ಇನ್ನೊಂದು ಕಡೆ. ಅಲೆಯ ಮೇಲೆ ಹತ್ತಿ ಫಟ್ ಎಂದು ಬೀಳುತ್ತಿತ್ತು. ಆ ಸದ್ದು ದಂಡೆಗೆ ಕೇಳಿಸುತ್ತಿತ್ತು. ಬಲೆಯ ಹತ್ತಿರಕ್ಕೆ ಹೋಗಿ ನಿಲ್ಲಿಸುವುದಾಗದೆ ದೋಣಿ ಬಲೆಯ ಮೇಲೇ ಹೋಗುತ್ತಿತ್ತು, ಬಲೆ ಅದರ ಅಡಿಗೆ ಸಿಕ್ಕಿ ಹರಿದುಹೋಗುತ್ತಿತ್ತು. ಒಂದು ದಿನವಂತೂ ಗಾಳಿ ಅವರನ್ನು ತಳ್ಳಿಕೊಂಡು ಹೋಗಿ ಆಚೆ ದಡದ ಜಾಲಿಯ ಪೊದೆಗೆ ಸೇರಿಸಿತು. ಅತ್ತೆ ದಂಡೆಯ ಮೇಲೆ ಎದೆ ಎದೆ ಬಡಿದುಕೊಂಡರು. ಕೊನೆಗೆ ಎದುರು ಮನೆಯ ಸಣ್ಣ ಮಾವನೇ ತಮ್ಮ ದೋಣಿಯಲ್ಲಿ ಹೋಗಿ, ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ನೆಲದ ಮೇಲೆ ಅತ್ತೆಯನ್ನು ಹೊರಳಿಸಿ ಎಸೆದಿದ್ದ ಆ ಚೂಪು ಹೊಟ್ಟೆಯ ದೋಣಿ ಅಲೆಯನ್ನು ಸೀಳಿಕೊಂಡು ನೆಟ್ಟಗೆ ಬರುತ್ತಿತ್ತು, ಗಾಳಿಯ ಗೊಡವೆಯೇ ತನಗಿಲ್ಲ ಎನ್ನುವಂತೆ. ನಾನು ಕಣ್ಣಾರೆ ನೋಡಿದೆ. ಹೊಟ್ಟೆ ಉರಿದುಹೋಯಿತು.

ಆ ಸಾಯಂಕಾಲ ಸಣ್ಣ ಮಾವ ಮನೆಗೆ ಬಂದರು. ನೀರು ಕೊಟ್ಟೆ. ಕುಡಿದು, ಲೋಟ ಕೆಳಗಿಟ್ಟು, ಅತ್ತೆಗೆ ಹೇಳಿದರು. "ಅತ್ತಿಗಿ, ನನಗ ವಯಸ್ಸಾತು. ನಡುನೀರಿಗೆ ಹೋಗೋ ಶಕ್ತಿ ನನಗಿಲ್ಲ. ನಿಮ್ಮದು ನನಗ ಕೊಡ್ರಿ, ದಂಡೀಗುಂಟ ಸಣ್ಣ ಮೀನ ಹಿಡ್ಕೊಂಡು ಇರ್ತೀನಿ. ನಮ್ಮದು ನಿಮ್ಮ ಹುಡುಗ ತಗಳ್ಳಿ. ಅವನ ರಟ್ಟೀಗೆ ಅದು ಸರಿ ಐತಿ. ಬದ್ಲಿ ಮಾಡ್ಕಳಾನು."

ದೇವರೇ ಬಂದು ಕೂತು ಹೇಳಿದ ಹಾಗಾಯಿತು ನನಗೆ. ಗಂಡನ ಮುಖ ನೋಡಿದೆ. ಅವರು ಅತ್ತೆಯ ಮುಖ ನೋಡುತ್ತಿದ್ದರು. ಅತ್ತೆ ತಲೆ ಅಲ್ಲಾಡಿಸಿದರು.

"ಉಡಿ ತುಂಬಿ ಮಗಳು ಅಂತ ಕರ್ಕಂಡೀನಪ್ಪ. ಮನಿ ಮಗಳನ್ನ ಬದ್ಲಿ ಮಾಡ್ಕಂತಾರೇನು?"

ನನಗೆ ತಡೆಯಲಾಗಲಿಲ್ಲ. "ಮಗಳು ಅಂದ್ಮೇಲೆ ಒಂದಿನ ಕೊಡಲೇಬೇಕಲ್ಲ ಅತ್ತೆ. ಎದುರು ಮನೆಗೇ ಕೊಟ್ಬಿಡಿ, ಕಣ್ಮುಂದೆನೇ ಇರ್ತಾಳೆ!"

"ದಾಯಾದಿಗಳು ಅವ್ರು. ಒಂದಾ ಬೆಡಗು. ಆ ಮನಿಗೆ ಹೆಣ್ಣು ಕೊಡಂಗಿಲ್ಲ."

ಸಣ್ಣ ಮಾವ ಕೂಡ ಹೌದು ಎನ್ನುವಂತೆ ತಲೆ ಹಾಕಿದರು! ನಗಬೇಕೋ ಅಳಬೇಕೋ. ಅಲ್ಯೂಮಿನಿಯಂ ತಗಡಿಗೆ ಬೆಡಗು, ಗೋತ್ರ ನೋಡುತ್ತಿದ್ದರು ಇಬ್ಬರೂ ಕೂತು. "ನನಗೂ ಉಡಿ ತುಂಬೇ ಕರ್ಕೊಂಡು ಬಂದ್ರಿ ಅತ್ತೆ. ನನ್ನ ಗಂಡ ವಾಪಸ್ ಹೋದ್ರೆ ನಾನೇನು ಮಾಡ್ಲಿ? ತಗಡು ಹೆಚ್ಚೋ, ನಾನು ಹೆಚ್ಚೋ?" ಎಂದು ಕೂಗಿಯೇಬಿಟ್ಟೆ. ಅತ್ತೆ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಜಗಳವಾಡಬಹುದಿತ್ತು. ಅವರು ನನ್ನ ಕೈ ಹಿಡಿದುಕೊಂಡರು.

"ಹುಚ್ಚಿ, ಇವತ್ತು ಆ ಗಾಳ್ಯಾಗ ಅವ ಮುಳುಗಲಿಲ್ಲ ಯಾಕ? ತಂಗಿ ಅಣ್ಣನ್ನ ಮುಳುಗಸಂಗಿಲ್ಲ. ಜಾಲಿಗೆ ಒಯ್ದು ಒಗದ್ಲು, ನೀರಿಗೆ ಬಿಡ್ಲಿಲ್ಲ. ಆ ಇನ್ನೊಂದು ಇವನಿಗೇನಾಗ್ಬೇಕು? ಏನೂ ಅಲ್ಲ. ಮಂದಿ ದೋಣಿ."

ಗಂಡನ ಹೆಣವನ್ನು ಇದೇ ನೀರಿನಿಂದ ಎತ್ತಿಸಿಕೊಂಡ ಹೆಂಗಸು ಅವರು. ಗಂಡನಾದರೂ ಒಂದು ಮಾತು ಆಡುತ್ತಾರೇನೋ ಎಂದು ನೋಡಿದೆ. "ಅವ್ವನ ಮನಸ್ಸು ನೋಯ್ಸಿ ನೀರಿಗಿಳಿಯೋದು ಬ್ಯಾಡ" ಎಂದರು ಮೆಲ್ಲಗೆ. ಅವರ ಮೇಲೂ ಸಿಟ್ಟು ಮಾಡಲಾಗಲಿಲ್ಲ. ಆ ಮನೆಯಲ್ಲಿ ಅವತ್ತು ಎಲ್ಲರೂ ಒಂದನ್ನೇ ಬಯಸುತ್ತಿದ್ದೆವು, ಆ ಮನುಷ್ಯ ನಮ್ಮ ಜೊತೆ ಇರಲಿ ಎಂದು. ಕೈ ಮಾತ್ರ ಒಬ್ಬರದೂ ಸಾಗಲಿಲ್ಲ.

ಸಣ್ಣ ಮಾವ ಇನ್ನಷ್ಟು ದಿನ ಕಾದು ನೋಡಿದರು. ಆಮೇಲೆ ಓಬಳಾಪುರದ ಕಡೆ ಗಣಿ ಕೆಲಸ ನಿಂತು ಸುಮ್ಮನೆ ಕೂತಿದ್ದ ತಮ್ಮ ಅಳಿಯನನ್ನು ಕರೆಸಿ ದೋಣಿ ಕೊಟ್ಟರು. ಅವನು ಆ ಗಾಳಿಯಲ್ಲೇ ಮೀನು ತಂದು ತಂದು ಹಾಕಿದ. ಅವನ ಹೆಂಡತಿ ಸಂಜೆ ಹೂ ಮುಡಿದುಕೊಂಡು ಜಗಲಿಯ ಮೇಲೆ ಕೂರುವುದು ನನ್ನ ಮಿಷನ್ನಿಗೆ ನೇರವಾಗಿ ಕಾಣುತ್ತಿತ್ತು. ನಾನು ಮಿಷನ್ ಒಳಕೋಣೆಗೆ ಎಳೆದುಕೊಂಡೆ. ಬೆಳಕು ಸಾಲದೆ ಜೇಬುಗಳು ಸೊಟ್ಟಗಾಗಿ ವಾಪಸು ಬಂದವು.

ಶ್ರಾವಣ ಮುಗಿಯುವ ಹೊತ್ತಿಗೆ ನಮ್ಮ ಬಲೆಗಳಲ್ಲಿ ಹರಿಯದೆ ಉಳಿದದ್ದು ಇರಲಿಲ್ಲ. ಫ್ಯಾಕ್ಟರಿಯ ಸೂಪರ್‌ವೈಸರು ಫೋನು ಮಾಡಿ, ಬರುವುದಾದರೆ ಸೋಮವಾರ ಬಾ, ಮಧ್ಯೆ ಮತ್ತೆ ಬಿಟ್ಟು ಹೋಗುವುದಾದರೆ ಬರಲೇಬೇಡ ಎಂದನಂತೆ. ಗಂಡ ಸ್ಟೌ, ಬಕೆಟ್ಟು ತೊಳೆದು ಒಣಗಲು ಇಟ್ಟದ್ದನ್ನು ನೋಡಿಯೇ ನನಗೆ ತಿಳಿಯಿತು. ಮಗಳಿಗೂ ತಿಳಿಯಿತು. ಈ ಸಲ ಅವಳು ಯಾವಾಗ ಎಂದು ಕೇಳಲಿಲ್ಲ.

ಅವರು ಹೋದ ಮೇಲೆ ಗಾಳಿ ನಿಂತಿತು. ಅದಕ್ಕೆ ನಾಚಿಕೆಯಾದರೂ ಬೇಡವೇ! ದಸರೆಗೆ ಎಲೆಯೂ ಅಲುಗದಂತೆ ನಿಂತಿತು. ಆಮೇಲೆ ಕಡಲೆಕಾಯಿ ಹೊಲಗಳಿಗೆ ಕಾಲುವೆಯಲ್ಲಿ ನೀರು ಬಿಟ್ಟರು, ಡ್ಯಾಮು ಇಳಿಯತೊಡಗಿತು. ಮಾಘದ ಹೊತ್ತಿಗೆ ಎಲ್ಲಿ ನೋಡಿದರೂ ಮೊಣಕಾಲುದ್ದದ ನೀರು, ಕೆಳಗೆ ಕೆಸರು. ಎದುರು ಮನೆಯವರ ಚೂಪು ಹೊಟ್ಟೆಯ ದೋಣಿ ಕೆಸರಿಗೆ ಕಚ್ಚಿಕೊಂಡು ನಿಂತುಬಿಟ್ಟಿತು. ಈಗ ನಮ್ಮ ದೋಣಿಯ ಕಾಲ ಬಂತು. ಒಂದು ಗೇಣು ನೀರಿದ್ದರೂ ಜಾರಿಕೊಂಡು ಹೋಗುವಂಥದ್ದು ಅದು. ಒಂದು ಬೆಳಿಗ್ಗೆ ಅತ್ತೆಗೆ, "ಏಳಿ, ಹೋಗೋಣ. ಮೊಣಕಾಲುದ್ದ ತಾನೆ, ನನಗೂ ಭಯ ಇಲ್ಲ" ಎಂದೆ. ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿ, ಸೀರೆ ಎತ್ತಿಕಟ್ಟಿದರು. ಹುಟ್ಟು ಅವರ ಕೈಯಲ್ಲಿ, ಹರಿದದ್ದನ್ನು ಹೆಣೆದು ಸರಿಮಾಡಿದ ಬಲೆ ನನ್ನ ಕೈಯಲ್ಲಿ. ಬಲೆಗಿಂತ ಹೆಚ್ಚು ನಾನೇ ಸಿಕ್ಕಿಹಾಕಿಕೊಂಡೆ. ಅತ್ತೆ, "ಜೇಬು ಹೊಲಿಯಾಕ ಬರ್ತೈತಿ, ಬಲಿ ಬಿಡಾಕ ಬರಂಗಿಲ್ಲ" ಎಂದು ಬೈಯುತ್ತಾ ಬಿಡಿಸಿದರು. ಆದರೂ ಬುಟ್ಟಿ ತುಂಬ ಮೀನು ತಂದೆವು. ಮಧ್ಯಾಹ್ನದ ಬೆಲ್ಲಿಗೆ ಕಾದು ಫೋನು ಮಾಡಿದೆ.

"ಬನ್ನಿ. ಈಗ ನಮ್ಮ ದೋಣಿನೇ ರಾಜ. ಎದುರು ಮನೆಯೋರದ್ದು ಕೆಸರಲ್ಲಿ ಕೂತೈತೆ."

ಅವರು ಕೇಳಿದರು. "ಎಷ್ಟು ದಿನ ಇರ್ತೈತಿ ನೀರು?"

ನಾನು ಡ್ಯಾಮಿನ ಕಡೆ ನೋಡಿದೆ. ನಡುನೀರಿನಲ್ಲಿ ಕೊಕ್ಕರೆಗಳು ನಿಂತಿದ್ದವು, ಅವುಗಳ ಕಾಲು ಪೂರ್ತಿ ಕಾಣುತ್ತಿತ್ತು. ಸುಳ್ಳು ಹೇಳೋಣವೆನ್ನಿಸಿತು. ಹೇಳಿದರೆ ಆ ಮನುಷ್ಯ ಬಂದೇಬಿಡುತ್ತಾರೆ, ಗೇಟು ಹಿಂದೆ ಮುಚ್ಚಿಹೋಗುತ್ತದೆ. "ಜಾಸ್ತಿ ದಿನ ಇಲ್ಲ" ಎಂದೆ. "ಹಂಗಾರ ಯುಗಾದಿಗೆ ಬರ್ತೀನಿ ಬಿಡು" ಎಂದರು.

ಯುಗಾದಿಯ ಹೊತ್ತಿಗೆ ಡ್ಯಾಮಿನಲ್ಲಿ ಮತ್ತೆ ಕುರಿ ಮೇಯುತ್ತಿದ್ದವು. ದೋಣಿ ಬೇವಿನ ಮರದ ಕೆಳಗೆ ನೆಟ್ಟಗೆ, ಅಲುಗದೆ ಕೂತಿತ್ತು. ಅತ್ತೆ ಅದರಲ್ಲಿ ಕಡಲೆಕಾಯಿ ಒಣಗಿಸುತ್ತಿದ್ದರು. ಮಿಕ್ಕ ಹೊತ್ತು ಅದು ನನ್ನ ಮಗಳ ಬಸ್ಸು. ಬೀದಿಯ ಮಕ್ಕಳನ್ನೆಲ್ಲ ಹತ್ತಿಸಿಕೊಂಡು, ಹಿಂದಿನ ಮಣೆಯ ಮೇಲೆ ನಿಂತು, "ರಾಯದುರ್ಗ, ಮಡಕಶಿರ, ಬೆಂಗಳೂರು, ಬೆಂಗಳೂರು, ಬೆಂಗಳೂರು!" ಎಂದು ಕೂಗುತ್ತಿದ್ದಳು. ಆ ಬಸ್ಸು ಬೇರೆಲ್ಲಿಗೂ ಹೋದದ್ದನ್ನು ನಾನು ಕಾಣೆ.

ಹಬ್ಬ ಮುಗಿದ ಮರುದಿನ ಗಂಡನಿಗೆ ಸಾಯಂಕಾಲದ ಬಸ್ಸು. ಬಟ್ಟೆಯ ಚೀಲ ಜಗಲಿಯ ಮೇಲಿತ್ತು. ಹೊತ್ತು ಹೋಗದೆ ಅಂಗಳಕ್ಕೆ ಹೋಗಿ, ದೋಣಿಯ ಅಂಚು ಸವರಿ, ಒಳಗೆ ಕಾಲಿಟ್ಟು ಮಕ್ಕಳ ನಡುವೆ ಕೂತರು. ಮಗಳು ಬೇವಿನ ಎಲೆ ಹಿಡಿದುಕೊಂಡು ಬಂದಳು.

"ಎಲ್ಲಿಗ್ರಿ?"

"ಎಲ್ಲಿಗೂ ಇಲ್ಲವ್ವ" ಎಂದರು. "ಒಂದು ಟಿಕೀಟು ಕೊಡು, ಇಲ್ಲಿಗೇ."

ಅವಳು ನಗಲಿಲ್ಲ. ಕಂಡಕ್ಟರಲ್ಲವೇ. "ಇಲ್ಲಿಗೆ ಟಿಕೀಟು ಕೊಡಂಗಿಲ್ರಿ" ಎಂದಳು. "ಇಲ್ಲೇ ಇರೋರು ಬಸ್ ಹತ್ತಬಾರ್ದು. ಇಳೀರಿ, ಇಳೀರಿ. ಬೆಂಗಳೂರಿನೋರು ಕುಂದರ್ಬೇಕು."

ಬಾಗಿಲಲ್ಲಿ ನಾನು, ಒಲೆಯ ಮುಂದೆ ಅತ್ತೆ. ಇಬ್ಬರಿಗೂ ಕೇಳಿಸಿತು. ಅತ್ತೆ ಊದುಗೊಳವೆ ಕೆಳಗಿಟ್ಟರು. ನನ್ನ ಗಂಡ, "ಹಂಗಾರ ಬೆಂಗಳೂರಿಗೇ ಒಂದು ಕೊಡವ್ವ" ಎಂದರು. ಅವಳು ಒಂದು ಎಲೆ ಹರಿದು ಕೊಟ್ಟಳು. ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಸ್ಸಿನ ಹೊತ್ತಾಗುವವರೆಗೂ ಆ ದೋಣಿಯಲ್ಲೇ ಕೂತಿದ್ದರು.